ಎಂಟನೇ ಹಾಡಿನ ದನಿ

ಅಕ್ಕನ ಮಾತನ್ನು ಅಕ್ಕನಿಗೆ ಹೇಳದೆ ಕೇಳದೆ ತಮ್ಮ ತನ್ನ ಬ್ಯಾಂಡಿನ ಎರಡನೇ ಆಲ್ಬಮ್ಮಿಗೆ ಹಾಕಿಕೊಂಡ. ಆಲ್ಬಮ್ ಹೊರಬಂದ ಹನ್ನೊಂದನೇ ದಿನ ಅಕ್ಕನನ್ನು ಲಾಂಡ್ರಿ ಕೆಲಸದಿಂದ ತೆಗೆದರು.

ತಮ್ಮ ಡ್ರಮ್ಮರ್. ಮನೆಯಲ್ಲೂ ಬ್ಯಾಂಡಿನಲ್ಲೂ ಅವನನ್ನು ಕರೆಯುವುದು ಕುಟ್ಟಾಣಿ ಎಂದೇ. ಹಾಗೆ ಕರೆದವಳು ಅಕ್ಕ. ನೆಟ್ಟಗೆ ನಿಲ್ಲಲು ಬರುವ ಮೊದಲೇ ಚಮಚವೋ ಬಾಚಣಿಗೆಯೋ ಚಪ್ಪಲಿಯೋ, ಕೈಗೆ ಸಿಕ್ಕಿದ್ದರಲ್ಲಿ ಎದುರಿಗಿದ್ದದ್ದನ್ನು ಕುಟ್ಟುತ್ತಿದ್ದನಂತೆ. ಅಮ್ಮ ತೀರಿಕೊಂಡ ಮೇಲೆ ಶಾಲೆ ಬಿಟ್ಟ ಕೂಡಲೇ ಅವನು ಲಾಂಡ್ರಿಗೆ ಬಂದು ಅಕ್ಕನ ಕಣ್ಣಳತೆಯಲ್ಲಿ ಕೂರಬೇಕಿತ್ತು. ಆಸ್ಪತ್ರೆ, ಹೋಟೆಲುಗಳ ಬೆಡ್‌ಶೀಟು ಒಗೆದು ಇಸ್ತ್ರಿ ಮಾಡಿಕೊಡುವ ದೊಡ್ಡ ಲಾಂಡ್ರಿ ಅದು. ಅಕ್ಕ ನಿಲ್ಲುತ್ತಿದ್ದದ್ದು ಮೂರನೇ ಇಸ್ತ್ರಿ ಯಂತ್ರದ ಮುಂದೆ. ಕುದಿಬಿಸಿ ರೋಲರುಗಳ ನಡುವೆ ಈ ಕಡೆಯಿಂದ ಒದ್ದೆ ಶೀಟು ಕೊಟ್ಟರೆ ಆ ಕಡೆಯಿಂದ ಕಾಗದದಂತೆ ಗರಿಗರಿಯಾಗಿ ಬರುತ್ತಿತ್ತು. ಆ ಯಂತ್ರಕ್ಕೊಂದು ಕುಂಟು. ದಡ್, ದಡ್, ದಡ್ ಎಂದು ಮೂರು ಸಲ ಸರಿಯಾಗಿ ಹೊಡೆದು, ನಾಲ್ಕನೆಯದಕ್ಕೆ ಹೊಸಿಲು ಎಡವಿದವರಂತೆ ಒಂದರೆಗಳಿಗೆ ತಡೆದು, ದಢಾರ್. ಅಕ್ಕ ಅದನ್ನು ಮುದುಕಿ ಎನ್ನುತ್ತಿದ್ದಳು. "ನನ್ನ ಮುದುಕಿಗೆ ಮಂಡಿನೋವು, ಆದ್ರೂ ಕೂತಿದ್ದು ಒಂದಿನ ಕಾಣೆ."

ಮುದುಕಿಯ ಕುಂಟು ಕುಟ್ಟಾಣಿಯ ಮೈಗೆ ಹತ್ತಿತು. ಬ್ಯಾಂಡಿನ ಮೊದಲ ಆಲ್ಬಮ್ ಬಂದಾಗ ವಿಮರ್ಶಕರು ಕೊಂಡಾಡಿದ್ದು ಅದನ್ನೇ. ಎಡವುತ್ತಲೇ ಓಡುವ ಡ್ರಮ್ಮು ಎಂದರು, ಇಂಥದ್ದನ್ನು ಕೇಳಿಯೇ ಇರಲಿಲ್ಲ ಎಂದರು. ಯಾರ ಬಳಿ ಕಲಿತದ್ದು ಎಂದು ರೇಡಿಯೋದವರು ಕೇಳಿದಾಗ ಕುಟ್ಟಾಣಿ, "ಹಾಗೇ ಬಂತು" ಎಂದುಬಿಟ್ಟ. ಲಾಂಡ್ರಿ ಎನ್ನಲು ನಾಲಿಗೆ ಹೊರಳಲಿಲ್ಲ. ತನ್ನ ಕಳ್ಳತನ ಶುರುವಾದದ್ದು ಆ ಎರಡು ಪದಗಳಿಂದಲೇ ಎಂದು ಈಗ ಅವನಿಗೆ ಅನಿಸುತ್ತದೆ. ಆಗ ಅನಿಸಿರಲಿಲ್ಲ. ಆಗ ಅವನಿಗೆ ಇಪ್ಪತ್ತಾರು ವರ್ಷ, ಗೋಡೆಗಳ ಮೇಲೆ ಅವನ ಮುಖ.

ಎರಡನೇ ಆಲ್ಬಮ್ಮಿನ ಹೊತ್ತಿಗೆ ಬರೆಯಲು ಏನೂ ಉಳಿದಿರಲಿಲ್ಲ. ಮೊದಲನೆಯದರಲ್ಲಿ ತಾವು ಬೆಳೆದ ಬಡಾವಣೆಯ ಇಡೀ ಸಿಟ್ಟು ಇತ್ತು. ಆಮೇಲಿನ ಎರಡು ವರ್ಷ ಅವರು ಕಂಡದ್ದು ಹೋಟೆಲ್ ಕೋಣೆ, ವ್ಯಾನಿನ ಕಿಟಕಿ, ಇನ್ನೊಂದು ಹೋಟೆಲ್ ಕೋಣೆ. ಹಾಡು ಬರೆಯುವವನು, ಹಾಡುವವನು ಒಬ್ಬನೇ. ಅವನನ್ನು ಎಲ್ಲರೂ ಗಂಟಲು ಎನ್ನುತ್ತಿದ್ದರು. ಗಂಟಲು ಆ ಕೋಣೆಗಳ ಬಗ್ಗೆಯೇ ಏಳು ಹಾಡು ಬರೆದ. ಆಲ್ಬಮ್ ತರುವ ಕಂಪನಿಯವರು ಕೇಳಿ ಮೂಗು ಮುರಿದರು. "ಮೊದಲಿನ ಆ ಬೆಂಕಿ ಎಲ್ಲಿ? ಇನ್ನೊಂದು ಹಾಡು ಕೊಡಿ, ಸುಡೋಹಂಗಿರಲಿ."

ಸುಡುವಂಥದ್ದು ಎಲ್ಲಿದೆಯೆಂದು ಕುಟ್ಟಾಣಿಗೆ ಗೊತ್ತಿತ್ತು. ಮೈಕು, ರೆಕಾರ್ಡರು ಹೊತ್ತು ಲಾಂಡ್ರಿಗೆ ಹೋದ.

ಅಕ್ಕನಿಗೆ ಹಿಗ್ಗೋ ಹಿಗ್ಗು. ಗೇಟಿನವನಿಗೆ ತಾನೇ ಹೇಳಿ ಒಳಗೆ ಬಿಡಿಸಿಕೊಂಡಳು. "ಏನೋ, ನನ್ನ ಮುದುಕಿಯನ್ನ ಹಾಡಿಸ್ತೀಯಾ? ಕಮ್ಮಿ ಅಲ್ಲ ಕಣೇ ನೀನು" ಎಂದು ಯಂತ್ರದ ಬೆನ್ನು ತಟ್ಟಿದಳು. ಅವನು ಒಂದು ಮೈಕನ್ನು ಯಂತ್ರದ ಬುಡಕ್ಕೂ ಇನ್ನೊಂದನ್ನು ಮೇಜಿನ ಅಂಚಿಗೂ ಸಿಕ್ಕಿಸಿದ. ಅಕ್ಕ ಕೈ ನಿಲ್ಲಿಸದೆ ಮಗ್ಗುಲಿನವಳ ಹತ್ತಿರ ಮಾತಿಗೆ ತೊಡಗಿದಳು. ಹೋದ ತಿಂಗಳು ಅದೇ ಯಂತ್ರದ ರೋಲರಿಗೆ ಕೈ ಸಿಕ್ಕಿಕೊಂಡ ಹುಡುಗಿಯ ಮಾತು. ರೋಲರಿನತ್ತ ಕೈ ಹೋಗದಂತೆ ತಡೆಯುವ ಪಟ್ಟಿಯನ್ನು ಆಗ ಬಿಚ್ಚಿಟ್ಟಿದ್ದರು.

"ತಡೆಪಟ್ಟಿ ಇದ್ರೆ ನಿಮಿಷಕ್ಕೆ ಎಂಟು ಶೀಟು. ಬಿಚ್ಚಿದ್ರೆ ಹನ್ನೊಂದು. ಆ ಮೂರು ಶೀಟಿಗೆ ಅವಳ ನಾಲ್ಕು ಬೆರಳು. ಅಪಘಾತದ ಪುಸ್ತಕದಲ್ಲಿ ಏನು ಬರೆದ್ರು ಹೇಳು? ಅವಳ ಅಜಾಗರೂಕತೆ ಅಂತ. ಸುಟ್ಟುಕೊಂಡೋಳದ್ದು ಅಜಾಗರೂಕತೆ, ಪಟ್ಟಿ ಬಿಚ್ಚಿದೋರದ್ದು ಏನು? ಜಾಣತನವಾ? ನಾನು ನಿಂತಿದ್ದೆ ಇಲ್ಲೇ. ನೋಡಿದೀನಿ. ವಿಚಾರಣೆಗೆ ಬರೋರು ಬರ್ಲಿ, ಹೇಳ್ತೀನಿ."

ಆಮೇಲೆ ಅವನ ಕಡೆ ತಿರುಗಿ, "ಲೋ ಕುಟ್ಟಾಣಿ, ನನ್ನ ಹರಟೆ ಅದರೊಳಗೆ ಬಿದ್ದಿದ್ರೆ ಒರೆಸಿಬಿಡು. ಇದು ವಿಚಾರಣೆಯಲ್ಲಿ ಆಡಬೇಕಾದ ಮಾತು."

"ಆಯ್ತಕ್ಕ" ಎಂದ.

ಸ್ಟುಡಿಯೋದಲ್ಲಿ ಗಂಟಲು ಅದನ್ನು ಕೇಳಿ ಕುರ್ಚಿಯಿಂದ ಎದ್ದೇಬಿಟ್ಟ. "ಲೋ, ಇದನ್ನ ಒರೆಸಿದ್ರೆ ನಿನ್ನ ಕೈ ಮುರೀತೀನಿ."

"ಅಕ್ಕ ಒರೆಸು ಅಂದಿದಾಳೆ ಕಣೋ."

"ಅಕ್ಕನಿಗೆ ಆಮೇಲೆ ಹೇಳಿದ್ರಾಯ್ತು. ಮೊದಲ ಪ್ರತಿ ಅವಳಿಗೇ ಕೊಡು. ಖುಷಿಯಾಗ್ತಾಳೆ ಬಿಡು."

ಕುಟ್ಟಾಣಿ ಒರೆಸದೆ ಬಿಟ್ಟ. ಬಿಟ್ಟದ್ದು ಗಂಟಲಿಗೆ ಹೆದರಿಯಲ್ಲ. ಆ ಮಾತು ಮುದುಕಿಯ ತಾಳಕ್ಕೆ ಕೂತ ರೀತಿ ಕೇಳಿ ಅವನಿಗೂ ಒರೆಸಲು ಮನಸ್ಸಾಗಲಿಲ್ಲ. ಗುರುತು ಸಿಗದಿರಲೆಂದು ಅಕ್ಕನ ದನಿಯನ್ನು ಎರಡು ಸ್ವರ ಏರಿಸಿ ತೆಳುವಾಗಿಸಿದ. ಪಕ್ಕದ ಮನೆಯವರಿಗೂ ಇನ್ನು ಗೊತ್ತಾಗದು ಎಂದು ಖಾತ್ರಿಯಾದ ಮೇಲೆ ಸಮಾಧಾನದ ಉಸಿರು ಬಿಟ್ಟ. ಯಂತ್ರವನ್ನು ಮಾತ್ರ ಮುಟ್ಟಲಿಲ್ಲ. ಮುಟ್ಟಿದರೆ ಕುಂಟು ಕೆಡುತ್ತದೆ. ಡ್ರಮ್ಮರನಲ್ಲದೆ ಬೇರೆ ಯಾರೂ ಈ ತಪ್ಪು ಮಾಡುತ್ತಿರಲಿಲ್ಲ. ಅಕ್ಕನಿಗೆ ಆಮೇಲೆ ಹೇಳುವುದು, ಮುಂದಿನ ವಾರ, ಅದರ ಮುಂದಿನ ವಾರ ಎಂದು ಸರಿಯುತ್ತಾ ಹೋಗಿ ಆಲ್ಬಮ್ ಅಂಗಡಿಗೆ ಬಂತು.

ಭಾನುವಾರದ ಪತ್ರಿಕೆಯಲ್ಲಿ ದೊಡ್ಡ ವಿಮರ್ಶಕ ಅರ್ಧ ಪುಟ ಬರೆದ. ಸ್ಟುಡಿಯೋದ ಮೆಟ್ಟಿಲ ಮೇಲೆ ಬ್ಯಾಂಡಿನ ನಾಲ್ವರೂ ಕೂತು ಓದಿದರು. ಗಂಟಲು ಜೋರಾಗಿ ಓದಲು ಹೊರಟು, ಎರಡನೇ ಸಾಲಿಗೆ ದನಿ ತಗ್ಗಿಸಿ, ಆಮೇಲೆ ಪತ್ರಿಕೆಯನ್ನೇ ಕುಟ್ಟಾಣಿಯ ಕೈಗಿತ್ತ. "ಏಳು ಹಾಡುಗಳಲ್ಲಿ ಈ ಹುಡುಗರು ತಮ್ಮನ್ನೇ ನಕಲು ಮಾಡಿಕೊಂಡಿದ್ದಾರೆ, ಅದೂ ಕೆಟ್ಟ ಕೈಬರಹದಲ್ಲಿ. ಆಲ್ಬಮ್ಮಿಗೆ ಜೀವ ಬರುವುದು ಎಂಟನೇ ಹಾಡಿನಲ್ಲಿ. ಕಂಪ್ಯೂಟರಿನಲ್ಲಿ ಕಟ್ಟಿದ ಯಂತ್ರದ ತಾಳ ಅಪೂರ್ವ. ಕೂಲಿ ಹೆಂಗಸಿನ ಪಾತ್ರ ವಹಿಸಿದ ಅನಾಮಿಕ ನಟಿಯದು ಗಟ್ಟಿ ಪ್ರತಿಭೆ. ಸಿಟ್ಟು ಮಾತ್ರ ಕೊಂಚ ಅತಿಯಾಯಿತು. ನಿಜವಾದ ಕೂಲಿ ಹೆಂಗಸು ಇಷ್ಟು ತೂಕವಾಗಿ ಮಾತಾಡಲಾರಳು."

ಮಿಕ್ಕ ಪತ್ರಿಕೆಗಳು ಅದನ್ನೇ ಹಿಂದುಮುಂದು ಮಾಡಿ ಬರೆದವು. ಏಳಕ್ಕೆ ಉಗಿತ, ಎಂಟನೆಯದಕ್ಕೆ ಚಪ್ಪಾಳೆ. ತಮ್ಮದೆಂಬ ಏಳನ್ನೂ ಜನ ಚರಂಡಿಗೆ ಹಾಕಿ, ತಮ್ಮದಲ್ಲದ ಒಂದನ್ನು ತಲೆಯ ಮೇಲೆ ಹೊತ್ತಿದ್ದರು. ಕುಟ್ಟಾಣಿಗೆ ಪತ್ರಿಕೆಗೆ ಒಂದು ಕಾಗದ ಬರೆಯಬೇಕೆನಿಸಿತು. ಅದು ನಟಿಯಲ್ಲ, ನನ್ನ ಅಕ್ಕ, ಮತ್ತು ಅವಳು ಮಾತಾಡುವುದೇ ಹಾಗೆ. ಮನಸ್ಸಿನಲ್ಲೇ ಬರೆದ, ಮನಸ್ಸಿನಲ್ಲೇ ಹರಿದ.

ಎಂಟನೇ ಹಾಡು ರೇಡಿಯೋಕ್ಕೆ ಹತ್ತಿತು. ಇಸ್ತ್ರಿ ಹಾಲಿನ ಕಿಟಕಿಯಲ್ಲೂ ಒಂದು ರೇಡಿಯೋ ಇತ್ತು. ಮಧ್ಯಾಹ್ನ ಹಾಡು ಬಂದಾಗ ಆ ದನಿಯ ಗುರುತು ಯಾರಿಗೂ ಸಿಗಲಿಲ್ಲ. ಅಕ್ಕನಿಗೇ ಸಿಗಲಿಲ್ಲ, ಯಾರೋ ತನ್ನ ಮಾತನ್ನು ಕದ್ದು ಒಪ್ಪಿಸುತ್ತಿದ್ದಾಳೆ ಎಂದು ಅವಳ ಕೈ ಒಂದು ಕ್ಷಣ ನಿಂತಿತಷ್ಟೆ. ಆದರೆ ರೇಡಿಯೋದೊಳಗಿನ ಮುದುಕಿ, ಹಾಲಿನೊಳಗಿನ ಮುದುಕಿ ಇಬ್ಬರೂ ಜೊತೆಜೊತೆಯಾಗಿ ಕುಂಟತೊಡಗಿದರು. ದಡ್, ದಡ್, ದಡ್, ದಢಾರ್. ಒಂಬತ್ತು ವರ್ಷ ಆ ಯಂತ್ರಕ್ಕೆ ಬೈದು ಬೈದು ಬಾಯಿ ಒಣಗಿಸಿಕೊಂಡಿದ್ದ ಸೂಪರ್‌ವೈಸರ್ ತನ್ನ ಗಾಜಿನ ಕೋಣೆಯಿಂದ ಎದ್ದು ಬಂದು, ಮೊದಲು ರೇಡಿಯೋ ನೋಡಿದ, ಆಮೇಲೆ ಯಂತ್ರ ನೋಡಿದ, ಕೊನೆಗೆ ಅದರ ಮುಂದೆ ನಿಂತವಳನ್ನು ನೋಡಿದ.

ಮಾರನೆಯ ಬೆಳಿಗ್ಗೆ ಮೂರೂ ಯಂತ್ರಗಳಿಗೆ ತಡೆಪಟ್ಟಿ ಬಂದಿತ್ತು. ಹೊಸ ಬಣ್ಣ ಗೊತ್ತಾಗದಿರಲೆಂದು ಮಸಿ ಸವರಿದ್ದರು. ಅದಾದ ಮೂರನೇ ದಿನ, ಹೊರಗಿನವರನ್ನು ಒಳಗೆ ಬಿಟ್ಟುಕೊಂಡಳೆಂದು ಅಕ್ಕನನ್ನು ಹೊರಗೆ ಹಾಕಿದರು. ಅವರ ಲೆಕ್ಕದಲ್ಲಿ ಪಟ್ಟಿ ಯಾವತ್ತೂ ಇತ್ತು, ಎಲ್ಲಿಗೂ ಹೋಗಿರಲಿಲ್ಲ. ಇನ್ನು ವಿಚಾರಣೆಯ ಅಧಿಕಾರಿ ಬಂದು ಕಣ್ಣಾರೆ ನೋಡಿ ಹಾಗೆಂದೇ ಬರೆದುಕೊಳ್ಳಬಹುದು. ಅಕ್ಕ ತಿಂಗಳುಗಟ್ಟಲೆ ಬಾಯಿ ಕಟ್ಟಿ ಕಾದಿಟ್ಟುಕೊಂಡಿದ್ದ ಮಾತನ್ನು ತಮ್ಮ ಊರಿಗೆಲ್ಲ ಹಂಚಿ, ಕೇಳಬಾರದವರ ಕಿವಿಗೆ ಮೊದಲು ಮುಟ್ಟಿಸಿದ್ದ.

ಆಲ್ಬಮ್ ಕಂಪನಿಯ ವಕೀಲ ಮೆತ್ತಗಿನ ಮನುಷ್ಯ. ಮೇಜಿನ ಮೇಲೆ ಒಂದು ಹಾಳೆ ಸರಿಸಿದ. "ನೋಡಿ, ಎರಡು ಸಾಲು, ನಿಮ್ಮ ಅಕ್ಕನದೊಂದು ಸಹಿ. ಆ ದನಿ ನನ್ನದಲ್ಲ, ಅದರಲ್ಲಿ ಹೇಳಿದಂಥದ್ದನ್ನು ನಾನು ನೋಡಿಲ್ಲ. ಇಷ್ಟೇ. ಲಾಂಡ್ರಿಯವರ ವಕೀಲರ ಹತ್ರ ಮಾತಾಡಿದೀನಿ. ಸೋಮವಾರದಿಂದ ಅವರು ಕೆಲಸಕ್ಕೆ ವಾಪಸ್ ತಗೋತಾರೆ. ನಮ್ಮ ಮೇಲೂ ಕೇಸಿಲ್ಲ."

"ನಂಬ್ತಾರಾ?" ಎಂದು ಕುಟ್ಟಾಣಿ ಕೇಳಿದ.

"ನಟಿ ಅಂತ ಪತ್ರಿಕೆಯವರೇ ಬರೆದಿದಾರಲ್ಲ! ಆ ವಿಮರ್ಶೆಯನ್ನೂ ಜೊತೆಗೆ ಲಗತ್ತಿಸ್ತೀವಿ. ಒಳ್ಳೇ ಆಧಾರ."

ಗಂಟಲು ಕಿಟಕಿಯ ಕಡೆ ಮುಖ ಮಾಡಿಕೊಂಡು ನಿಂತಿದ್ದ. "ನಿನ್ನ ಅಕ್ಕನಿಗೆ ಕೆಲಸ ಸಿಕ್ರೆ ಸಾಕಲ್ವೇನೋ? ಹೋಗಿ ಸಹಿ ಹಾಕಿಸ್ಕೊಂಡು ಬಾ."

ಅಕ್ಕ ಮನೆಯ ತಾರಸಿಯಲ್ಲಿ ಒಣಗಿದ ಶೀಟು ತೆಗೆಯುತ್ತಿದ್ದಳು. ತಮ್ಮನನ್ನು ಕಂಡು ಒಂದು ತುದಿ ಎಸೆದಳು. ಅವನು ಹಿಡಿದ. ಚಿಕ್ಕಂದಿನಿಂದಲೂ ಇಬ್ಬರೂ ಹೀಗೇ ಮಡಿಸುವುದು: ಮೂಲೆ ಹಿಡಿದು ಜಗ್ಗಬೇಕು, ಎದುರುಬದುರಾಗಿ ನಡೆದು ಬರಬೇಕು, ಇವನ ಮೂಲೆ ಅವಳ ಕೈಗೆ. ಒಂದು ಶೀಟು ಹಾಗೆ ಮುಗಿಯಿತು. ಹಾಳೆಗೆ ಪೆನ್ನು ಸಿಕ್ಕಿಸಿ, ಅದನ್ನೂ ಪತ್ರಿಕೆಯನ್ನೂ ಅವನು ತಂತಿಗೆ ಕ್ಲಿಪ್ಪು ಹಾಕಿದ. ಅವಳು ನಿಂತೇ ಎರಡನ್ನೂ ನಿಧಾನಕ್ಕೆ ಓದಿದಳು.

"ಅತಿಯಾಯ್ತಂತಾ?" ಅವಳಿಗೆ ನಗು ಬಂತು. ಬಂದಷ್ಟೇ ಬೇಗ ಹೋಯಿತು. "ಆ ಹುಡುಗಿ ಕೈಯಿಂದ ಶೀಟು ಬಿಡಿಸಿದ್ದು ನಾನು ಕಣೋ. ಶೀಟಿನ ಜೊತೆ ಚರ್ಮ ಬಂತು. ಅದನ್ನ ನಾನು ಹೇಳೇ ಇಲ್ಲ, ಕೇಳೋಕೆ ಆಗಲ್ಲ ಅಂತ."

"ಅಕ್ಕ, ನಾನು ಮಾಡಿದ್ದು ತಪ್ಪು. ಇದೊಂದು ಸಹಿ ಹಾಕು, ನಿನ್ನ ಕೆಲಸ ನಿನಗೆ ಸಿಗುತ್ತೆ. ಎಲ್ಲ ಮೊದಲಿನಂಗೆ ಆಗುತ್ತೆ."

"ಯಾರಿಗೆ ಮೊದಲಿನಂಗೆ? ಅವಳಿಗೆ ಬೆರಳು ಬರುತ್ತಾ?" ಇನ್ನೊಂದು ಶೀಟಿನ ತುದಿ ಅವನತ್ತ ಹಾರಿಬಂತು. "ಹಿಡಿ."

ಹಿಡಿದ. "ಹಾಡನ್ನೇ ತೆಗೆಸ್ತೀನಿ, ಬೇಕಾದ್ರೆ."

"ತೆಗೆಸಿ? ಪಟ್ಟಿ ಹಾಕಿ ಮಸಿ ಬಳಿದಾಯ್ತು. ನೋಡೋಕೆ ಅಲ್ಲೇನೂ ಇಲ್ಲ ಈಗ. ಉಳಿದಿರೋದು ನಾನು ನೋಡಿದೀನಿ ಅನ್ನೋದೊಂದೇ. ಅದನ್ನೂ ಇಲ್ಲ ಅಂತ ಬರ್ಕೊಡಬೇಕಾ?" ಶೀಟನ್ನು ಜಗ್ಗಿದಳು; ಅವನು ಮುಗ್ಗರಿಸಿ ಒಂದು ಹೆಜ್ಜೆ ಮುಂದೆ ಬಂದ. "ಅವರು ಮಾಡಿದ್ದಕ್ಕೆ ನನಗೆ ಆಶ್ಚರ್ಯ ಇಲ್ಲ. ಒರೆಸು ಅಂದಿದ್ದೆ ನಾನು. ಆಯ್ತಕ್ಕ ಅಂದಿದ್ದೆ ನೀನು. ಅದು ಹೋಗ್ತಾ ಇಲ್ಲ ಕಣೋ ನನ್ನ ಎದೆಯಿಂದ."

ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಗಂಟಲೇ ಇರಬೇಕು. ಎರಡೂ ಕೈಯಲ್ಲಿ ಶೀಟಿನ ಮೂಲೆಗಳು.

"ಬಿಡಬೇಡ. ನೆಲಕ್ಕೆ ತಾಗುತ್ತೆ" ಎಂದಳು ಅಕ್ಕ.

ಫೋನು ಬಡಿದು ಬಡಿದು ನಿಂತಿತು. ಮತ್ತೆ ಶುರುವಾಯಿತು. ಅಕ್ಕ ನಡೆದು ಬಂದು ಅವನ ಕೈಯಿಂದ ಮೂಲೆಗಳನ್ನು ಇಸಿದುಕೊಂಡು, ಅಂಗೈಯಿಂದ ನೆರಿಗೆ ಸವರಿ, ಮಡಿಸಿದ ಶೀಟನ್ನು ಬುಟ್ಟಿಗಿಟ್ಟಳು. ತಂತಿಯಿಂದ ಹಾಳೆಯನ್ನು ಬಿಡಿಸಿ ಅವನ ಅಂಗಿಯ ಜೇಬಿಗೆ ತುರುಕಿದಳು. ಪೆನ್ನನ್ನೂ ಅದರ ಪಕ್ಕಕ್ಕೇ ಸಿಕ್ಕಿಸಿದಳು.

"ಫೋನ್ ತೆಗಿ. ತೆಗೆದು ಹೇಳು ಅವರಿಗೆ. ದನಿ ನಂದು, ನೋಡಿದೋಳೂ ನಾನೇ. ಸಹಿ ಹಾಕಲ್ಲ."