ಹದಿನಾರು ಮೂಲೆಯ ನಕ್ಷತ್ರ

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಎಸ್ತರಬಾಯಿಯ ಮನೆ ಗೊತ್ತಿಲ್ಲದವರಿಲ್ಲ. ಮೂವತ್ತು ವರ್ಷ ನರ್ಸಾಗಿದ್ದ ಆಕೆ ಓಣಿಯ ಅರ್ಧ ಮಂದಿಯ ಹೆರಿಗೆಗೆ ನಿಂತವಳು. ಎದುರು ಮನೆಯ ನಸ್ರೀನ ಒಂಬತ್ತು ವರ್ಷದವಳಿದ್ದಾಗ ಆಕೆಯ ಪಡಸಾಲೆಯಲ್ಲಿ ಕೂತು ಕ್ರಿಸ್‌ಮಸ್ಸಿಗೆ ಬಣ್ಣದ ಹಾಳೆ ಮಡಚಲು ಕಲಿತಿದ್ದಳು. ಮುಂದೆ ಅದೇ ಓಣಿಯ ಶಕೀಲನೊಂದಿಗೆ ಮದುವೆಯಾಯಿತು, ಹೊಲಿಗೆ ಮಶೀನು ಬಂತು, ಮಗಳು ಸೈಮಾ ಹುಟ್ಟಿದಳು. ಡಿಸೆಂಬರಿನಲ್ಲಿ ಎಸ್ತರಬಾಯಿಯ ಮನೆಗೆ ಹೋಗಿ ಕೂರುವುದು ಮಾತ್ರ ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯೂ ತಪ್ಪಲಿಲ್ಲ. ಬಾಯಿಯ ಬೆರಳು ನಡುಗಲು ಶುರುವಾದ ಮೇಲಂತೂ ಹೂ, ಗಂಟೆ, ಸರಪಳಿ, ಬಾಗಿಲಿನ ದೊಡ್ಡ ನಕ್ಷತ್ರ ಎಲ್ಲವೂ ನಸ್ರೀನಳ ಕೈಯವೇ.

ಈ ವರ್ಷ ಆಕೆ ಹಾಳೆಗಳ ಸುರುಳಿ ಬಗಲಲ್ಲಿ ಹಿಡಿದು ಹೋದಾಗ ಕಿಟಕಿಯ ಪಕ್ಕದ ಚಾಪೆಯ ಮೇಲೆ ಬೇರೊಬ್ಬಳು ಕೂತಿದ್ದಳು. ಕಾಖಂಡಕಿ ಹಳ್ಳಿಯ ಐಶ್ವರ್ಯ. ಕಾಲೇಜಿಗೆಂದು ಬಂದು ಮೂರು ತಿಂಗಳಿಂದ ಬಾಯಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಹುಡುಗಿ.

"ಬಾ ನಸ್ರೀನಾ, ಇಲ್ಲಿ ನೋಡು!" ಎಸ್ತರಬಾಯಿ ಒಂದು ಕೆಂಪು ನಕ್ಷತ್ರವನ್ನು ಬೆಳಕಿಗೆ ಹಿಡಿದಳು. "ಕತ್ತರಿ ಇಲ್ಲ, ಅಂಟ ಇಲ್ಲ, ಒಂದ ಹಾಳ್ಯಾಗ ಹದಿನಾರ ಮೂಲಿ ಎಬ್ಬಿಸ್ಯಾಳ. ಇಷ್ಟ ವಯಸ್ಸಿನ್ಯಾಗ ಇಂಥಾದ್ದು ನಾ ನೋಡೇ ಇಲ್ಲ. ಈ ಸಲ ಬಾಗಿಲಿಗೆ ಇದನ್ನ ಕಟ್ಟೂಣು."

ನಸ್ರೀನಳ ಎದೆಯಲ್ಲಿ ಏನೋ ಚುರ್ ಎಂದಿತು. ತನ್ನ ನಕ್ಷತ್ರಕ್ಕೆ ಎಂಟೇ ಮೂಲೆ, ಅದಕ್ಕೂ ಅಂಟು ಬೇಕು.

"ಚಂದ ಐತಿ," ಎಂದಳು. "ಗಾಳಿಗೆ ತಡದರ ಆತು."

ಐಶ್ವರ್ಯ ತಲೆ ಎತ್ತಲಿಲ್ಲ. ನಸ್ರೀನ ಮೂಲೆಯಲ್ಲಿ ಕೂತು ಸರಪಳಿಗೆ ಹಾಳೆ ಸೀಳಿದಳು. ಕೈ ತನ್ನ ಕೆಲಸ ತಾನು ಮಾಡುತ್ತಿತ್ತು. ಕಣ್ಣು ಮಾತ್ರ ಆ ಹುಡುಗಿಯ ಬೆರಳಿನ ಮೇಲೆಯೇ ಇತ್ತು. ಬಾಯಿ ಚಹಾ ತಂದು ಮೊದಲ ಕಪ್ಪನ್ನು ಐಶ್ವರ್ಯಳ ಮುಂದೆ ಇಟ್ಟಳು. ಅದೂ ಲೆಕ್ಕಕ್ಕೆ ಬಂತು.

ಮನೆಗೆ ಬಂದು ಮೊಬೈಲಿನಲ್ಲಿ ಅಂಥದೇ ನಕ್ಷತ್ರದ ವಿಡಿಯೋ ಹುಡುಕಿದಳು. ಆರು ಹಾಳೆ ಹಾಳಾದವು. ಏಳನೆಯದನ್ನು ಮುದ್ದೆ ಮಾಡಿ ಒಗೆದಾಗ ಅದು ಶಕೀಲನ ಊಟದ ತಾಟಿನ ಹತ್ತಿರ ಬಿತ್ತು.

"ಹೊಟ್ಟಿಕಿಚ್ಚಿಗೂ ಒಂದ ಅಳತಿ ಇರಬೇಕ ನೋಡು," ಎಂದ ಆತ. "ಹಾಳಿ ಚೂರಿಗೆ ಇಷ್ಟ?"

"ಹಾಳಿ ಚೂರಲ್ಲ ಅದು," ಎಂದಳು ನಸ್ರೀನ. ಮತ್ತೇನು ಎಂದು ಆತ ಕೇಳುವಷ್ಟರಲ್ಲಿ ಎಂಟನೆಯ ಹಾಳೆ ಕೈಗೆತ್ತಿಕೊಂಡಿದ್ದಳು.

ಶನಿವಾರ ಐಶ್ವರ್ಯ ಊರಿಗೆ ಹೋದಳು. ಮಧ್ಯಾಹ್ನ ಎಸ್ತರಬಾಯಿ ಚರ್ಚಿಗೆ ಹಾಡಿನ ತಾಲೀಮಿಗೆ ಹೊರಟವಳು, ನಳ ಬಂದರೆ ನೀರು ತುಂಬಿಸೆಂದು ನಸ್ರೀನಳಿಗೆ ಕೀಲಿ ಕೊಟ್ಟಳು. ನೀರು ಬಂತು, ಕೊಡಗಳು ತುಂಬಿದವು. ಬಾಯಿ ಸಾಕಿದ ಬೆಕ್ಕು ಕಿಟಕಿಯಲ್ಲಿ ಮಲಗಿತ್ತು. ಕಪಾಟಿನ ಮೇಲೆ ಕೆಂಪು ನಕ್ಷತ್ರ ಇತ್ತು. ಹೇಗೆ ಮಾಡಿದ್ದಾಳೆಂದು ನೋಡಿ ಹಾಗೆಯೇ ಇಟ್ಟುಬಿಡುವುದು ಎಂದುಕೊಂಡು ನಸ್ರೀನ ಅದನ್ನು ಕೈಗೆತ್ತಿಕೊಂಡಳು. ಒಂದು ಮೂಲೆ ಬಿಚ್ಚಿದಳು. ಅದರ ಒಳಗೊಂದು ಮಡಿಕೆ, ಅದರೊಳಗೆ ಮತ್ತೊಂದು. ಪ್ರತಿ ಗೆರೆಯನ್ನೂ ಉಗುರಿನಿಂದ ತೀಡಿ ನೆನಪಿಟ್ಟುಕೊಳ್ಳುತ್ತ ಹೋದಳು. ಕೊನೆಗೆ ಹಾಳೆ ನೆಲದ ಮೇಲೆ ಪೂರಾ ಹರಡಿಕೊಂಡಿತು, ಗೆರೆಗಳ ಬಲೆಯ ಹಾಗೆ. ತಿರುಗಿ ಮಡಚಲು ಹೋದರೆ ಒಂದೂ ಕೂಡಲಿಲ್ಲ. ಅವಸರಕ್ಕೆ ನಟ್ಟನಡುವೆ ಪರ್ ಎಂದು ಹರಿಯಿತು.

ಎಸ್ತರಬಾಯಿ ತಿರುಗಿ ಬಂದಾಗ ನಸ್ರೀನ ಹೇಳಿದ್ದು: "ಬೆಕ್ಕ ಕೆಡವಿ ಹರದೈತ್ರಿ ಬಾಯಾರ."

ಎಸ್ತರಬಾಯಿ ಹಾಳೆಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ಬೆಕ್ಕನ್ನು ಬೈದು ಹೊರಗೆ ಅಟ್ಟಿದಳು.

ಸೋಮವಾರ ಐಶ್ವರ್ಯ ಬಂದು ಹರಿದ ಹಾಳೆ ನೋಡಿದಳು. "ಇರಲಿ ಬಾಯಾರ, ಇನ್ನೊಂದ ಮಾಡ್ತೇನಿ," ಎಂದಷ್ಟೇ ಹೇಳಿದಳು. ಆದರೆ ನಸ್ರೀನ ಮನೆಗೆ ಹೊರಟಾಗ ಮೆಟ್ಟಿಲ ಹತ್ತಿರ ಅಡ್ಡ ನಿಂತಳು.

"ಅಕ್ಕಾರ, ಬೆಕ್ಕ ಹಾಳಿ ಹರೀತೈತಿ, ಬಿಚ್ಚಂಗಿಲ್ಲ. ಒಂದೊಂದ ಗೆರಿ ಉಗುರಲೆ ತೀಡಿದ್ದು ಕಾಣತೈತಿ."

ನಸ್ರೀನಳಿಗೆ ನಾಚಿಕೆಗಿಂತ ಮೊದಲು ಸಿಟ್ಟು ಬಂತು. "ಹೌದು, ನಾನ ಬಿಚ್ಚೀನಿ! ಇಪ್ಪತ್ತೈದ ವರ್ಷ ಆ ಚಾಪಿ ಮ್ಯಾಲ ನಾ ಕುಂತೇನಿ. ನೀ ನಿನ್ನೆ ಮೊನ್ನೆ ಬಂದಾಕಿ, ನನ್ನ ಜಾಗಾದಾಗ ಬಂದ ಕುಂತಿ."

"ನಿಮ್ಮ ಜಾಗಾ ನನಗೆಲ್ಲಿ ಸಿಕ್ಕೈತ್ರಿ?" ಹುಡುಗಿಯ ಕಣ್ಣಲ್ಲಿ ನೀರು ಬಂತು. "ನಾ ಹಾಳಿ ಹಿಡದರ ಸಾಕು, ನಸ್ರೀನ ಹಿಂಗ ಮಡಚತಾಳ, ನಸ್ರೀನನ ಗೆರಿ ಕೂದಲೆಳಿಯಷ್ಟೂ ತಪ್ಪಂಗಿಲ್ಲ. ದಿನಾ ಬಾಯಾರದು ಇದ ಮಾತು. ಕೇಳಿ ಕೇಳಿ ಸಾಕಾಗಿ, ನಿಮಗ ಬರದಂಥಾದ್ದು ಏನರ ಮಾಡಿ ತೋರಸಬೇಕಂತ ಎಂಟ ದಿನಾ ಕುಂತ ಕಲತೇನಿ."

ತನ್ನನ್ನು ನೋಡಿ ಯಾರಾದರೂ ಉರಿದಾರೆಂದು ನಸ್ರೀನ ಕನಸಿನಲ್ಲೂ ಎಣಿಸಿರಲಿಲ್ಲ. ಮೊದಲು ಕೇಳಿದಾಗ ಒಂದು ಗಳಿಗೆ ಹಿತವಾಯಿತು ಕೂಡ. ಆ ಹಿತ ಹೋದ ಮೇಲೆ ಉಳಿದದ್ದು ಬಾಯಿಯ ಮುಂದೆ ಆಡಿದ ಸುಳ್ಳು. ತಿರುಗಿ ಒಳಗೆ ಹೋಗಿ ಎಲ್ಲ ಹೇಳಿಬಿಟ್ಟಳು.

ಎಸ್ತರಬಾಯಿ ಕನ್ನಡಕ ತೆಗೆದು ಒರೆಸಿದಳು. "ಆ ಮೂಕ ಪ್ರಾಣಿಗೆ ಎರಡ ದಿನಾ ಹಾಲ ಹಾಕಿಲ್ಲ ನಾ," ಎಂದಳು. "ಹಾಳಿ ಹರದಿದ್ದಕ್ಕ ಸಿಟ್ಟಿಲ್ಲ ಬೇ. ನಿನ್ನ ಕೈ ನಾ ಬಲ್ಲೆ, ಬೆಕ್ಕಿನ ಉಗುರೂ ಬಲ್ಲೆ. ಆದರೂ ನಿನ್ನ ಮಾತ ನಂಬೀನಿ, ನೀ ಹೇಳೀಯಂತ. ಈಗ ಮನಿಗೆ ಹೋಗು."

ಎರಡು ದಿನ ನಸ್ರೀನ ಓಣಿ ದಾಟಿ ಬಾಯಿಯ ಮನೆಗೆ ಹೋಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಐಶ್ವರ್ಯ ಕೆಂಪು ಹಾಳೆ ಹಿಡಿದು ಆಕೆಯ ಬಾಗಿಲಿಗೆ ಬಂದಳು.

"ಬಾಯಾರ ಕಳಸ್ಯಾರ್ರಿ. ಇದನ್ನ ನಿಮಗ ಕಲಸಬೇಕಂತ, ನೀವು ನನಗ ಹೂ ಕಲಸಬೇಕಂತ." ಆಮೇಲೆ ಸೇರಿಸಿದಳು, "ನನಗೇನ ಖುಷಿ ಇಲ್ಲ ಮತ್ತ."

"ನನಗೂ ಇಲ್ಲ. ಒಳಗ ಬಾ," ಎಂದಳು ನಸ್ರೀನ.

ಹೊಲಿಗೆ ಮಶೀನಿನ ಪಕ್ಕ ಜಾಗ ಮಾಡಿಕೊಂಡು ಇಬ್ಬರೂ ಕೂತರು. ಐಶ್ವರ್ಯ ಎಂಟು ದಿನದಲ್ಲಿ ಕಲಿತದ್ದು ನಸ್ರೀನಳ ಬೆರಳಿಗೆ ಮೂರನೆಯ ಸಲಕ್ಕೇ ಬಂದುಬಿಟ್ಟಿತು. ಹುಡುಗಿಯ ಮುಖ ಸಪ್ಪಗಾಯಿತು. ನಸ್ರೀನ ಅದನ್ನು ನೋಡಿದಳು, ಒಳಗೊಳಗೆ ಸಂತೋಷವೂ ಪಟ್ಟಳು. ಆಮೇಲೆ ಐಶ್ವರ್ಯ ಮಡಚಿದ ಹೂವನ್ನು ಎತ್ತಿ ನೋಡಿದರೆ ಅದು ತನ್ನ ಹೂವಿಗಿಂತ ಚೊಕ್ಕ. ಹೇಳದೆ ಇದ್ದಿದ್ದರೂ ನಡೆಯುತ್ತಿತ್ತು.

"ನಿನ್ನ ಬೆರಳ ಸಣ್ಣ ಅದಾವ," ಎಂದಳು ಕಷ್ಟಪಟ್ಟು. "ಹೂ ನನಗಿಂತ ಚಲೋ ಬಂದಾವ."

ಬಾಗಿಲಿಗೆ ಯಾರ ನಕ್ಷತ್ರ ಎಂಬುದನ್ನು ಬಾಯಿ ಯಾರನ್ನೂ ಕೇಳದೆ ತೀರ್ಮಾನಿಸಿದಳು. "ಈ ವರ್ಷ ಐಶ್ವರ್ಯಂದು. ಹರದಾಕಿ ನೀನು, ಕಟ್ಟಾಕಿನೂ ನೀನ." ನಸ್ರೀನ ಐಶ್ವರ್ಯಳ ಹೊಸ ನಕ್ಷತ್ರ ಹಿಡಿದು ಸ್ಟೂಲು ಹತ್ತಿದಳು. ಎದೆಯಲ್ಲಿ ಇನ್ನೂ ಸಣ್ಣಗೆ ಚುಚ್ಚುತ್ತಿತ್ತು. ಕೆಳಗೆ ಐಶ್ವರ್ಯ ಎರಡೂ ಕೈಯಿಂದ ಸ್ಟೂಲನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದಳು.

"ಎಡಕ್ಕ ಸ್ವಲ್ಪ ಸರಸ್ರಿ ಅಕ್ಕಾರ," ಎಂದಳು.

ನಸ್ರೀನ ಸರಿಸಿದಳು.