ಗಾಜಿನೊಳಗಿನ ಬಿಸಿಲು

ಎಂಟು ತಿಂಗಳು ನಾನು ದಿನಾ ಬಿಸಿಲಿಗೆ ಕೂತಿದ್ದೆ. ಬೇಕಾದರೆ ತಾಯಾಣೆ ಮಾಡಿ ಹೇಳುತ್ತಿದ್ದೆ. ಆದರೂ ರಿಪೋರ್ಟಿನಲ್ಲಿ ವಿಟಮಿನ್ ಡಿ ಹನ್ನೊಂದಕ್ಕೆ ಇಳಿದಿತ್ತು. ವಾರಕ್ಕೊಂದು ಪೊಟ್ಟಣ ಪುಡಿ ಹಾಲಿಗೆ ಹಾಕಿ ಕುಡಿಯುತ್ತಿದ್ದಾಗ ಏರಿದ್ದೆಲ್ಲ, ಪೊಟ್ಟಣ ಮುಗಿದ ಮೇಲೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು.

“ಬಿಸಿಲಿಗೆ ಎಲ್ಲಿ ಕೂತ್ಕೋತೀರಾ ಚಾಮುಂಡೇಶ್ವರಿಯವ್ರೇ?” ಎಂದರು ಡಾಕ್ಟರ್ ಬಿಂದುಶ್ರೀ.

“ಮನೇಲೇ ಡಾಕ್ಟ್ರೇ. ಕಿಟಕಿ ಪಕ್ಕಕ್ಕೇ ಹೊಲಿಗೆ ಮೆಷಿನ್ ಹಾಕ್ಕೊಂಡಿದ್ದೀನಿ. ಬಿಸಿಲು ಮೈಮೇಲೇ ಬೀಳುತ್ತೆ.”

“ಕಿಟಕಿ ತೆಗೆದಿರುತ್ತಾ?”

“ಇಲ್ಲ, ಗಾಜು ಮುಚ್ಚಿರುತ್ತೆ. ಧೂಳು ಬಂದ್ರೆ ಗಿರಾಕಿಗಳ ಬಟ್ಟೆ ಹಾಳಾಗುತ್ತಲ್ಲ.”

ಅವರು ನಗಲಿಲ್ಲ, ಅದು ಅವರ ದೊಡ್ಡತನ. ಗಾಜಿನಲ್ಲಿ ಬೆಳಕೂ ಬರುತ್ತದೆ, ಸೆಕೆಯೂ ಬರುತ್ತದೆ, ವಿಟಮಿನ್ ಹುಟ್ಟಿಸುವ ಕಿರಣ ಮಾತ್ರ ಆಚೆಗೇ ನಿಲ್ಲುತ್ತದೆ ಎಂದರು. ಎಂಟು ತಿಂಗಳು ಬೆವರು ಸುರಿಸಿದ್ದಷ್ಟೇ ನನ್ನ ಲಾಭ.

“ನಿಮ್ಮದು ತೊಂಬತ್ತಾರು ಕೆಜಿ. ಮೈಯಲ್ಲಿ ಕೊಬ್ಬು ಜಾಸ್ತಿ ಇದ್ರೆ ಇರೋ ವಿಟಮಿನ್ನೂ ಅದರೊಳಗೇ ಕೂತುಬಿಡುತ್ತೆ, ರಕ್ತಕ್ಕೆ ಸಿಗಲ್ಲ. ನಿಮಗೆ ಶುಗರ್ ಬೇರೆ ಇದೆ, ಶುಗರ್ ಇರೋರಲ್ಲೂ ಇದು ಕಮ್ಮಿ ಇರೋದು ಜಾಸ್ತಿ. ಯಾವುದರಿಂದ ಯಾವುದು ಅಂತ ಗಟ್ಟಿಯಾಗಿ ಹೇಳಕ್ಕಾಗಲ್ಲ. ಆದ್ರೆ ನೀವು ಮನೆಯಿಂದ ಆಚೆ ಬರ್ಬೇಕು.”

“ಬೆಳಿಗ್ಗೆ ಆರಕ್ಕೆ ತಾರಸಿ ಹತ್ತಿ ಇಳಿದ್ರೆ ಆಗಲ್ವಾ?”

“ಎಳೆಬಿಸಿಲು ಸಾಲಲ್ಲ. ಹನ್ನೊಂದರ ಮೇಲೆ, ಕೈಕಾಲಿಗೆ ಬೀಳೋ ಹಾಗೆ ಇಪ್ಪತ್ತು ನಿಮಿಷ.”

ಬೇಸಿಗೆ ಆಗಲೇ ಶುರುವಾಗಿತ್ತು. ಹನ್ನೊಂದರ ಮೇಲೆ ಎಂದರೆ ಸಂಡಿಗೆಯ ಹೊತ್ತು.

ಒಂಟಿಕೊಪ್ಪಲ್‌ನ ನಮ್ಮ ವಠಾರದಲ್ಲಿ ಐದು ಮನೆಗೆ ಒಂದೇ ತಾರಸಿ. ಬೇಸಿಗೆ ಬಂದರೆ ಹೆಂಗಸರೆಲ್ಲ ಅಲ್ಲಿ ಹಳೇ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದರು. ಕಾಗೆ ಕಾಯುವ ಕೆಲಸ ನನ್ನದು. ಕಪ್ಪು ಕೊಡೆ ಬಿಚ್ಚಿಟ್ಟು, ಕೈಯಲ್ಲಿ ಕೋಲು ಹಿಡಿದು, ಬ್ಲೌಸಿಗೆ ಹುಕ್ಕು ಹಾಕುತ್ತ ಕೂತಿರುತ್ತಿದ್ದೆ. ನಾಲ್ಕು ವರ್ಷದ ಹಿಂದೆ ಒಂದು ದಿನ ಹಿಂಬದಿ ಮನೆಯ ಚಲುವಮ್ಮಕ್ಕ ಎಲ್ಲರೆದುರು, “ಏ ಚಾಮುಂಡಿ, ಸ್ವಲ್ಪ ಆಕಡೆ ಹೋಗೇ. ನಿನ್ನ ನೆರಳು ಬಿದ್ರೆ ಈ ಸಂಡಿಗೆ ಯುಗಾದಿ ಕಳೆದ್ರೂ ಒಣಗಲ್ಲ” ಎಂದಳು. ಎಲ್ಲರೂ ನಕ್ಕರು. ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ. ಕೆಳಗೆ ಬಂದವಳು ಮತ್ತೆ ಮೆಟ್ಟಿಲು ಹತ್ತಲಿಲ್ಲ, ಹಿಂಬದಿಯ ಆ ಮೆಟ್ಟಿಲನ್ನು ಯಾರು ಹತ್ತುತ್ತಾರೆ ಎಂದು ನೋಡಲೂ ಹೋಗಲಿಲ್ಲ. ಅಮ್ಮ ಅದೇ ವರ್ಷ ತೀರಿಹೋಗಿದ್ದಳು. ಊರಿನ ಹೆಂಗಸರ ಸೊಂಟದ ಸುತ್ತಳತೆ ಬರೆದುಕೊಳ್ಳುವ ನಾನು, ಟೇಪನ್ನು ನನ್ನ ಮೈಗೆ ಹಾಕುವುದನ್ನೂ ಬಿಟ್ಟೆ. ಚಲುವಮ್ಮಕ್ಕ ಬ್ಲೌಸಿಗೆ ಬೇರೆಯವರನ್ನು ಹುಡುಕಿಕೊಂಡಳು. ಬಟ್ಟೆ ಒಣಹಾಕುವುದು ನನ್ನ ಮನೆಯೊಳಗೇ, ಊಟ ನನ್ನೊಬ್ಬಳಿಗೇ, ಮಾತು ಮೆಷಿನ್ನಿನ ಜೊತೆಗೇ.

ಆದರೆ ಅಮ್ಮನ ಕಾಲಿನ ಹೆಬ್ಬೆರಳನ್ನು ಶುಗರ್ ತಿಂದದ್ದನ್ನು ನಾನೇ ಕಣ್ಣಾರೆ ಕಂಡವಳು. ಮಾನಕ್ಕಿಂತ ಕಾಲು ಮುಖ್ಯ ಎಂದುಕೊಂಡು ಮಾರನೆಯ ದಿನ ಹತ್ತಿದೆ. ನಡುವೆ ಎರಡು ಸಲ ನಿಂತು ಉಸಿರು ತೆಗೆದುಕೊಂಡೆ. ಯಾರೇನಂದರೆ ಏನನ್ನಬೇಕು ಎಂದು ಮೂರು ಉತ್ತರ ಕಟ್ಟಿಕೊಂಡಿದ್ದೆ. ಒಂದಂತೂ ಚಲುವಮ್ಮಕ್ಕನಿಗೆ ರಾತ್ರಿ ನಿದ್ದೆ ಬಾರದಂಥದು.

ತಾರಸಿಯಲ್ಲಿ ಯಾರೂ ಇರಲಿಲ್ಲ.

ಪಂಚೆ ಹಾರದಂತೆ ಇಡುತ್ತಿದ್ದ ಕಲ್ಲುಗಳು ಮೂಲೆಯಲ್ಲಿದ್ದವು, ಸುತ್ತ ಹುಲ್ಲು ಎದ್ದಿತ್ತು. ಕೊಡೆಯ ಕಡ್ಡಿಗಳು ತುಕ್ಕು ಹಿಡಿದು ಬಿದ್ದಿದ್ದವು. ಇಷ್ಟು ವರ್ಷ ನಾನು ಹೆದರಿ ಕೂತದ್ದು ಈ ಖಾಲಿ ತಾರಸಿಗೆ.

ಕೆಳಗೆ ಹಿತ್ತಲಿನಿಂದ ಚಲುವಮ್ಮಕ್ಕ ಹಣೆಗೆ ಕೈ ಇಟ್ಟು ನೋಡಿದಳು. ತಲೆ ಪೂರ್ತಿ ನೆರೆತಿತ್ತು.

“ಯಾರದು ಮೇಲೆ? ಚಾಮುಂಡೀನಾ?”

“ನಾನೇ ಅಕ್ಕ. ಸಂಡಿಗೆ ಇಡಲ್ವಾ ಈಗ?”

“ಎಲ್ಲಿ ಇಡೋದು! ನೀನು ಬರೋದೇ ನಿಲ್ಲಿಸ್ಬುಟ್ಟೆ, ಕಾಗೆ ಕಾಯೋರಿಲ್ಲ ಅಂತ ಒಬ್ಬೊಬ್ರೇ ಬುಟ್ರು. ನನಗೂ ಮಂಡಿ ಹೋಯ್ತು. ಮೂರು ವರ್ಷ ಆಯ್ತು ಕಣೇ, ಮೆಟ್ಟಿಲು ಹತ್ತಿ.”

ಕಟ್ಟಿಕೊಂಡು ಬಂದ ಮೂರು ಉತ್ತರದಲ್ಲಿ ಒಂದೂ ಇದಕ್ಕೆ ಹೊಂದುತ್ತಿರಲಿಲ್ಲ.

“ಅಕ್ಕ, ಅವತ್ತು ನನ್ನ ನೆರಳಿನ ಮಾತು ಅಂದ್ರಲ್ಲ...”

“ಯಾವ ನೆರಳೇ? ಯಾವತ್ತು?”

ಅವಳ ಮುಖದಲ್ಲಿ ಸುಳ್ಳಿರಲಿಲ್ಲ. ನಿಜಕ್ಕೂ ನೆನಪಿರಲಿಲ್ಲ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಅವಳಿಗೆ ಅಂದೇ ಹೋಗಿತ್ತು, ನಾನೊಬ್ಬಳೇ ಅದನ್ನು ಗಾಜಿನೊಳಗೆ ಇಟ್ಟುಕೊಂಡು ಕಾದಿದ್ದೆ. ನನಗೆ ಸಿಟ್ಟೂ ಬಂತು, ಅಳುವೂ ಬಂತು.

“ಏನಿಲ್ಲ ಬುಡಿ ಅಕ್ಕ” ಎಂದೆ.

ಒಳಗೆ ಕುಕ್ಕರ್ ಕೂಗಿತು. ಅವಳು ಗೋಡೆ ಹಿಡಿದುಕೊಂಡು ಹೋದಳು.

ಡಾಕ್ಟರ್ ಹೇಳಿದ ಇಪ್ಪತ್ತು ನಿಮಿಷ ಇನ್ನೂ ಬಾಕಿ ಇತ್ತು. ಸೀರೆ ಮೊಣಕಾಲಿಗೆ ಎತ್ತಿಕಟ್ಟಿ, ಆ ಕಲ್ಲುಗಳ ಪಕ್ಕ ಹಳೇ ಜಾಗದಲ್ಲೇ ಕೂತೆ. ಸೂರ್ಯ ನೆತ್ತಿಯ ಮೇಲಿದ್ದ. ನೆರಳು ಒಂದು ಮಣೆಯಷ್ಟೂ ಅಗಲವಿಲ್ಲದೆ ನನ್ನ ಅಡಿಗೇ ಮುದುಡಿಕೊಂಡಿತ್ತು. ಅದು ಬೀಳುವುದಕ್ಕೆ ಅಲ್ಲಿ ಒಂದು ಸಂಡಿಗೆಯೂ ಇರಲಿಲ್ಲ.