ಹೊಗೆ ಉಗುಳದ ಗಾಡಿ

ನಾನೊಂದು ಕರೆಂಟು ಕಾರು. ಸರಿಯಾಗಿ ಹೇಳಬೇಕೆಂದರೆ, ಆಗಿದ್ದೆ. ಮೈಯೆಲ್ಲ ಗುಜರಿಗೆ ಹೋಗಿ ಈಗ ಬ್ಯಾಟರಿ ಮಾತ್ರ ಉಳಿದಿದ್ದೇನೆ.

ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದವರು ಹೊಗೆ ಕೊಳವೆಯನ್ನೇ ಇಡಲಿಲ್ಲ. ಆ ಜಂಬ ಹುಟ್ಟಿದಾರಭ್ಯ ಅಂಟಿಕೊಂಡಿತು. ನನ್ನ ಹೊಟ್ಟೆಯೊಳಗಿನ ಲೋಹಕ್ಕಾಗಿ ಯಾವ ಗುಡ್ಡವನ್ನು ಬಗೆದರೋ, ನಾನು ಕೇಳಲಿಲ್ಲ. ನನ್ನನ್ನು ಮೊದಲು ಕೊಂಡವರು ಬೆಂಗಳೂರಿನ ಒಬ್ಬ ವಕೀಲರು. ಸಿಗ್ನಲ್ಲಿನಲ್ಲಿ ಡೀಸೆಲ್ ಗಾಡಿ ಪಕ್ಕಕ್ಕೆ ಬಂದರೆ ಗಾಜು ಏರಿಸಿ ಮೂಗು ಮುರಿಯುತ್ತಿದ್ದರು. ನಾನೂ ಮುರಿಯುತ್ತಿದ್ದೆ, ಮೂಗೊಂದಿರಲಿಲ್ಲ ಅಷ್ಟೆ.

ಆರು ವರ್ಷದ ಮೇಲೆ ಅಮರೇಶ ನನ್ನನ್ನು ಕೊಂಡ. ಬಿಸಿಲು ಸೀಮೆಯವನು, ಹೊಳೆ ದಂಡೆಯ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ಕಲ್ಲಿದ್ದಲು ಸುಟ್ಟು ಕರೆಂಟು ತೆಗೆಯುವ ಜಾಗ ಅದು. ಅಲ್ಲಿಗೆ ಹೋದ ಮರುದಿನವೇ ನನ್ನ ಬೆನ್ನ ಮೇಲೆ ಬೂದಿಯ ಪದರ ಕೂತಿತ್ತು. ಅವನ ತಾಯಿ ಹನುಮವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು, ಕೆಮ್ಮುತ್ತ ಕೆಮ್ಮುತ್ತ ನನ್ನನ್ನು ಒರೆಸುತ್ತಿದ್ದಳು.

"ಒಂದೀಟೂ ಹೊಗಿ ಬಿಡಂಗಿಲ್ಲವ್ವಾ ಇದು," ಎಂದು ಅಮರೇಶ ಬೀಗಿದ.

"ಬಿಡಂಗಿಲ್ಲ, ಖರೆ. ಮತ್ತ ಉಣ್ಣೂದು ಎಲ್ಲಿಂದು?" ಎಂದು ಹನುಮವ್ವ ಸ್ಥಾವರದ ಚಿಮಣಿಯತ್ತ ನೋಡಿದಳು. ಅಮರೇಶ ಮಾತು ಮರೆಸಿದ. ನನಗಂತೂ ಮುದುಕಿಯ ಮೇಲೆ ಸಿಟ್ಟೇ ಬಂತು.

ಆಯುಧಪೂಜೆ ಬಂತು. ಹನುಮವ್ವ ನನ್ನ ಚಾರ್ಜಿಂಗ್ ಮುಚ್ಚಳ ತೆಗೆದು, "ಗಾಡಿ ಬಾಯಿ ಇದೇ ಅಲ್ಲೇನು" ಎಂದು ಅಲ್ಲಿಗೇ ಅರಿಶಿನ ಕುಂಕುಮ ಹಚ್ಚಿ, ಅಕ್ಷತೆ ಹಾಕಿದಳು. ಅಕ್ಕಿಕಾಳು ತೂತುಗಳೊಳಗೆ ಇಳಿದು ಕೂತವು. ಸಂಜೆ ಅಮರೇಶ ಪ್ಲಗ್ಗು ಒತ್ತಿ, ದೀಪ ಹತ್ತಿತೋ ಇಲ್ಲವೋ ನೋಡದೆ ಪಾಳಿಗೆ ಓಡಿದ. ಪ್ಲಗ್ಗು ಪೂರ್ತಿ ಕೂತೇ ಇರಲಿಲ್ಲ. ನಾನು ಉಪವಾಸ ಉಳಿದೆ.

ಮರುದಿನ ಬೆಳಿಗ್ಗೆ ಹನುಮವ್ವನಿಗೆ ಉಸಿರು ಕಟ್ಟಿತು. ತುಟಿ ನೀಲಿಗಟ್ಟಿತ್ತು. ಹಬ್ಬದ ರಜೆಗೆ ಕಾಲೊನಿಯ ದವಾಖಾನೆ ಮುಚ್ಚಿತ್ತು. ಆಂಬುಲೆನ್ಸ್ ಬರಲು ಒಂದು ತಾಸು ಎಂದರು. ದೊಡ್ಡಾಸ್ಪತ್ರೆ ಹದಿನೆಂಟು ಕಿಲೋಮೀಟರ್ ದೂರ. ನನ್ನಲ್ಲಿದ್ದದ್ದು ಹನ್ನೆರಡೇ ಪರ್ಸೆಂಟು. ಅಮರೇಶ ಪ್ಲಗ್ಗು ಕಿತ್ತೆಸೆದ.

ಪಕ್ಕದ ಮನೆಯ ಮೌಲಾಲಿ ತನ್ನ ಹಳೆಯ ಡೀಸೆಲ್ ಜೀಪು ತಂದು ನಿಲ್ಲಿಸಿದ. ಅದರ ಹೊಗೆ ಒಳಗೂ ತುಂಬುತ್ತಿತ್ತು.

"ಇದ್ರಾಗ ಅವ್ವ ಉಳಿಯಂಗಿಲ್ಲ," ಎಂದು ಅಮರೇಶ ಅವಳನ್ನು ನನ್ನ ಹಿಂದಿನ ಸೀಟಿಗೆ ಎತ್ತಿ ಹಾಕಿದ.

"ನೀ ನಡಿ ಅಣ್ಣಾ, ನಾ ಬೆನ್ನಿಗೇ ಇರ್ತೀನಿ," ಎಂದ ಮೌಲಾಲಿ.

ಹೋದೆವು. ಒಂಬತ್ತು, ಏಳು, ನಾಲ್ಕು. ಅಮರೇಶನ ಅಂಗೈ ಬೆವರು ನನ್ನ ಸ್ಟೇರಿಂಗಿಗೆ ಅಂಟುತ್ತಿತ್ತು. ಹಿಂದಿನಿಂದ ಹನುಮವ್ವನ ಉಸಿರು ಸುಂಯ್ ಎಂದು ಎಳೆಯುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಎಳೆಯುತ್ತಿತ್ತು. ನಿಂತಾಗಲೆಲ್ಲ ಅಮರೇಶ "ಅವ್ವಾ!" ಎಂದು ಕೂಗುತ್ತಿದ್ದ. ರೈಲ್ವೆ ಮೇಲ್ಸೇತುವೆಯ ಏರಿನ ನಡುವೆ ನಾನು ನಿಂತುಬಿಟ್ಟೆ. ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಜೀಪು ಬಂದು ನಿಂತಿತು. ಅಮರೇಶ ಆಗಲೂ ಹಿಂದೆ ಮುಂದೆ ನೋಡಿದ. ಹನುಮವ್ವ ಅವನ ಅಂಗಿ ಹಿಡಿದೆಳೆದಳು: "ಹೊಗ್ಯೋ, ಬೂದ್ಯೋ... ಮೊದ್ಲ ಮುಟ್ಸೋ ನನ್ನ..."

ಕಪ್ಪು ಹೊಗೆ ಕಕ್ಕುತ್ತ ಜೀಪು ಅವಳನ್ನು ಕೊಂಡೊಯ್ದಿತು. ನಾನು ಒಂದು ಚೂರೂ ಹೊಗೆ ಬಿಡದೆ ಬಿಸಿಲಲ್ಲಿ ನಿಂತಿದ್ದೆ.

ಅವಳು ಬದುಕಿದಳು. ನನ್ನನ್ನು ಮನೆಗೆ ಎಳೆತಂದ ಮೇಲೆ, ಮೂರನೆಯ ದಿನ ಅಮರೇಶ ನನ್ನ ಮುಂದಿನ ಸೀಟಿನಲ್ಲಿ ಕೂತು ಮೌಲಾಲಿಗೆ ಹೇಳಿದ: "ಜೀಪಿನ ಹೊಗಿ ಅಲ್ಲಂತಪ್ಪ. ವರ್ಷಾನುಗಟ್ಟಲೆ ಕುಡಿದ ಬೂದಿ ಅಂದ್ರು ಡಾಕ್ಟ್ರು. ಒಲಿ ಉರಿಸಾಂವ ನಾನ."

"ಹಂಗಾರ ನನ್ನ ಜೀಪ ಚಲೋ ಅನ್ನು."

"ಇಲ್ಲೋ. ಲೆಕ್ಕ ಹಾಕಿದ್ರ ಈಗ್ಲೂ ನಿನ್ನ ಜೀಪಿಂದ ಹೊಗಿ ಜಾಸ್ತಿ. ಆದ್ರ ಈ ಗಾಡಿ ಪಾಲಿನ ಹೊಗಿ ಎಲ್ಲಾ ನಮ್ಮವ್ವನ ಮನಿ ಮ್ಯಾಲ ಬೀಳತದ." ಹಾಗೆಂದು ಅವನು ಮುಖ ಮುಚ್ಚಿಕೊಂಡು ಅತ್ತ. ಬೆಂಗಳೂರಿನಲ್ಲಿ ಜಂಬದಿಂದ ಓಡಾಡಿದ ಅಷ್ಟೂ ದಿನಗಳು ನೆನಪಾಗಿ ನನಗೆ ಸಂಕಟವಾಯಿತು.

ಆಮೇಲೆ ನನ್ನ ಓಟದ ಶಕ್ತಿ ಕುಂದುತ್ತ ಬಂತು. ಮೈ ಗುಜರಿಗೆ ಹೋದರೂ ಅಮರೇಶ ನನ್ನನ್ನು ಮಾರಲಿಲ್ಲ. ಊರಿನ ಎಲೆಕ್ಟ್ರೀಷಿಯನ್ ಒಬ್ಬನನ್ನು ಕರೆಸಿ, ನನ್ನನ್ನು ಹನುಮವ್ವನ ಕೋಣೆಯ ಮೂಲೆಯಲ್ಲಿ ಕೂರಿಸಿ, ಡಾಕ್ಟರು ಅವಳಿಗೆ ಬರೆದುಕೊಟ್ಟಿದ್ದ ಆಮ್ಲಜನಕದ ಯಂತ್ರಕ್ಕೆ ತಂತಿ ಎಳೆಸಿದ. ಮಾಳಿಗೆ ಮೇಲೆ ಸೋಲಾರ್ ಹಲಗೆಗಳನ್ನು ಹಾಕಿಸಿದ. ಬಿಸಿಲಿದ್ದರೆ ನನಗೆ ಅಲ್ಲಿಂದ ಊಟ. ಇಲ್ಲದಿದ್ದರೆ ಸ್ಥಾವರದ ಲೈನಿನಿಂದ.

ಮೂಗಿಗೆ ನಳಿಕೆ ಹಾಕಿಕೊಂಡ ಹನುಮವ್ವ ದಿನಾ ಬೆಳಿಗ್ಗೆ ಕೇಳುತ್ತಾಳೆ: "ಇವತ್ತು ಬಿಸಿಲೋ, ಕಲ್ಲಿದ್ಲೋ?"

ಜಡಿಮಳೆ ಹಿಡಿದು ಇಂದಿಗೆ ನಾಲ್ಕನೆಯ ದಿನ, ಮೋಡ ಸರಿದೇ ಇಲ್ಲ. ಅಮರೇಶ ಲೈನಿನ ಸ್ವಿಚ್ಚು ಹಾಕಿ, ಅವಳ ಕಡೆ ತಿರುಗದೆ, "ಬಿಸಿಲವ್ವಾ" ಎಂದ.

ಹನುಮವ್ವ ಕಿಟಕಿಯಾಚೆ ಸುರಿಯುವ ಮಳೆಯನ್ನು ನೋಡಿದಳು. "ಹೂಂ, ಬಿಸಿಲಪ್ಪಾ" ಎಂದು ಮಗನ ಕೈ ಹಿಡಿದುಕೊಂಡು ಉಸಿರೆಳೆದುಕೊಂಡಳು.